ಶ್ರೀರಂಗಪಟ್ಟಣದ ಭೂದೃಶ್ಯ: ಮರುಮುದ್ರಣದಿಂದ ಮರುರಚನೆಗೆ

ಮೆಕೆಂಜಿ ಸಂಗ್ರಹದ ಕೈಫಿಯತ್ತುಗಳನ್ನು ಓದುವಾಗ ಕನ್ನಡ ಸಂಶೋಧನೆಯು ಕೆಲವು ಪ್ರಶ್ನೆಗಳನ್ನು ತಪ್ಪದೆ ಕೇಳುತ್ತದೆ: ಹೇಳಿದವರು ಯಾರು, ಬರೆಸಿದವರು ಯಾರು, ಯಾವ ಆಡಳಿತದ ಅಗತ್ಯಕ್ಕಾಗಿ ಬರೆಸಿದರು, ಏನನ್ನು ಬಿಟ್ಟರು. ಅದಕ್ಕೆ ಸುಮಾರು ಒಂದು ದಶಕ ಮೊದಲು ಅದೇ ಕಂಪನಿಯ ಸೈನ್ಯದೊಂದಿಗೆ ಬಂದವರು ರಚಿಸಿದ ಮೈಸೂರು ಸೀಮೆಯ ಭೂದೃಶ್ಯಚಿತ್ರಗಳಿಗೆ ಈ ಪ್ರಶ್ನೆಗಳನ್ನು ಅನ್ವಯಿಸುವುದು ವಿರಳ. ಚರಿತ್ರೆಯ ಗ್ರಂಥಗಳಿಗೆ ಅವು ಮುಖಪುಟದ ಅಲಂಕಾರವಾಗಿ ಒದಗುತ್ತವೆಯೇ ಹೊರತು ಪಠ್ಯವಾಗಿ ಅಲ್ಲ. ಇಂಥ ಚಿತ್ರಗಳನ್ನು ಕತ್ತರಿಸಿ, ಅಂಟಿಸಿ, ಅವುಗಳ ಮೇಲೆ ಮತ್ತೊಂದು ಅಚ್ಚನ್ನು ಒತ್ತಿ ಮರುರಚಿಸುವ ಕೊಲಾಜ್ ಹಾಗೂ ಮುದ್ರಣಕಲೆಯ ವಿಧಾನಗಳನ್ನು ಕಲಾವಿದರ ಪ್ರಯೋಗವೆಂದಷ್ಟೇ ನೋಡದೆ ವಿಮರ್ಶೆಯ ಒಂದು ಕ್ರಮವೆಂದು ಕನ್ನಡ ಅಧ್ಯಯನವು ಪರಿಗಣಿಸಬೇಕಾಗಿದೆ.

ರಾಬರ್ಟ್ ಹೋಮ್ 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯದೊಂದಿಗೆ ಸಂಚರಿಸಿ ಬಿಡಿಸಿದ ದೃಶ್ಯಗಳು 1794ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಪ್ರಕಟವಾದವು. ಅದೇ ವರ್ಷ ಅಲೆಕ್ಸಾಂಡರ್ ಅಲನ್‌ನ ಮೈಸೂರು ಚಿತ್ರಗಳೂ ಹೊರಬಂದವು. ಇದೇ ಸೀಮೆಯ ಹನ್ನೆರಡು ದೃಶ್ಯಗಳನ್ನು ಪ್ರಕಟಿಸಿದ ಕೋಲ್‌ಬ್ರೂಕ್ ವೃತ್ತಿಯಿಂದ ಭೂಮಾಪಕ. 1794ರಲ್ಲಿ ಬಂಗಾಳದ ಸರ್ವೇಯರ್ ಜನರಲ್ ಆದವನು. ಫಿರಂಗಿ ದಳದ ಅಧಿಕಾರಿಯಾಗಿದ್ದ ಜೇಮ್ಸ್ ಹಂಟರ್ 1792ರಲ್ಲಿಯೇ ತೀರಿಕೊಂಡ. ಅವನ ಚಿತ್ರಗಳನ್ನು ಲಂಡನ್ನಿನ ಪ್ರಕಾಶಕನೊಬ್ಬ ಹನ್ನೆರಡು ವರ್ಷಗಳ ಬಳಿಕ ಅಚ್ಚುಹಾಕಿಸಿದ. ಸ್ಥಳದಲ್ಲಿ ಬಿಡಿಸಿದ ರೇಖೆಯನ್ನು ತಾಮ್ರದ ಫಲಕಕ್ಕೆ ಇಳಿಸಿದವರು, ಆಮ್ಲದಿಂದ ನೆರಳಿನ ಛಾಯೆ ತಂದವರು, ಕೈಯಿಂದ ಬಣ್ಣ ತುಂಬಿದವರು ಬೇರೆ ಬೇರೆಯವರು. ಅವರಲ್ಲಿ ಬಹುತೇಕರಿಗೆ ಕಾವೇರಿ ಎಂಬುದು ಕಾಗದದ ಮೇಲಿನ ಹೆಸರು. ರಾಬರ್ಟ್ ಕರ್ ಪೋರ್ಟರ್ 1800ರಲ್ಲಿ ಲಂಡನ್ನಿನಲ್ಲಿ ಪ್ರದರ್ಶಿಸಿದ ನೂರಡಿಗೂ ಮಿಕ್ಕಿದ ಕೋಟೆ ಮುತ್ತಿಗೆಯ ಬೃಹತ್ ಚಿತ್ರವಾಗಲಿ, ಸುಮಾರು ಅದೇ ಕಾಲದಲ್ಲಿ ಟರ್ನರ್ ರಚಿಸಿದ ಶ್ರೀರಂಗಪಟ್ಟಣದ ಜಲವರ್ಣಚಿತ್ರವಾಗಲಿ ಈ ನೆಲವನ್ನೇ ಕಾಣದವರ ಕೃತಿಗಳು. ಎಂದ ಮೇಲೆ ಅಭಿಜಾತವೆನಿಸಿಕೊಂಡ ಈ ಭೂದೃಶ್ಯವು ಹುಟ್ಟಿನಿಂದಲೇ ಹಲವು ಕೈಗಳ ಜೋಡಣೆ. ಅಂಚಿನಲ್ಲಿ ಮರ, ನಡುವೆ ನದಿ, ದೂರದಲ್ಲಿ ಕೋಟೆ ಎಂಬ ಸಿದ್ಧ ಚೌಕಟ್ಟು ಆ ಜೋಡಣೆಯ ಗುರುತನ್ನು ಅಳಿಸಿ ಅದನ್ನು ಸಹಜವೆಂಬಂತೆ ತೋರಿಸಿತು. ಕೊಲಾಜ್ ಮಾಡುವುದಿಷ್ಟೇ: ಮುಚ್ಚಿಹೋದ ಆ ಹೊಲಿಗೆಯನ್ನು ಮತ್ತೆ ಕಣ್ಣಿಗೆ ಕಾಣಿಸುವುದು.

ಈ ಚೌಕಟ್ಟಿನ ಹೊರಗೆ ಉಳಿದುದನ್ನು ಅರಿಯಲು ಕೋಟೆಯಿಂದ ತುಸು ಪಶ್ಚಿಮಕ್ಕೆ, ಬೆಳಗೊಳದ ಕಡೆಗೆ ನೋಡಿದರೆ ಸಾಕು. ಚಿಕ್ಕದೇವರಾಯ ನಾಲೆ, ವಿರಿಜಾ ನಾಲೆಗಳಂಥ ಹಳೆಯ ಕಾಲುವೆಗಳು ನೀರುಣಿಸಿದ ಗದ್ದೆಬಯಲು ಈ ಸೀಮೆಯದು. ಇದರ ನಿಜವಾದ ಭೂದೃಶ್ಯವನ್ನು ರೂಪಿಸಿದ್ದು ಕಾಲುವೆ ತೋಡಿದ, ನಾಟಿ ಹಾಕಿದ ಕೈಗಳು. ಚಿತ್ರಗಳಲ್ಲಿ ಆ ಜನ ಬಂದರೂ ಕೋಟೆಯ ಎತ್ತರವನ್ನು ತೋರಿಸುವ ಅಳತೆಗೋಲಾಗಿ ಬರುತ್ತಾರೆ. ಮುಂದೆ 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಟ್ಟೆಯು ಹಳೆಯ ಕನ್ನಂಬಾಡಿಯನ್ನು ಮುಳುಗಿಸಿತು. ಅದರ ಕೆಳಗೆ ಮೂಡಿದ ಬೃಂದಾವನವು ಪೋಸ್ಟ್‌ಕಾರ್ಡು, ಕ್ಯಾಲೆಂಡರುಗಳ ಮೂಲಕ ನಾಡಿನ ಹೊಸ ಭೂದೃಶ್ಯವಾಯಿತು. ಬೆಳಗೊಳದಲ್ಲಿ ಕಬ್ಬಿನ ಸಿಪ್ಪೆಯಿಂದ ಕಾಗದ ತಯಾರಿಸುತ್ತಿದ್ದ ಮಂಡ್ಯ ನ್ಯಾಷನಲ್ ಪೇಪರ್ ಮಿಲ್ಸ್ ಕಾರ್ಖಾನೆ ಬಂದು, ಮುಚ್ಚಿಯೂ ಹೋಯಿತು. ಕೋಟೆ, ಕಾಲುವೆ, ಮುಳುಗಡೆ, ಕಾರ್ಖಾನೆ ಈ ನಾಲ್ಕೂ ಒಂದೇ ನೆಲದ ಪದರಗಳು. ಒಂದು ಕಾಲದ ಒಂದು ನೋಟಕ್ಕೆ ಅವೆಲ್ಲ ದಕ್ಕಲಾರವು. ಹೋಮ್‌ನ ಅಚ್ಚಿನ ಮೇಲೆ ನಾಲೆಯ ನಕ್ಷೆಯನ್ನೂ ಮುಳುಗಿದ ಊರಿನ ರೇಖೆಯನ್ನೂ ಒತ್ತಿದಾಗ ಮಾತ್ರ ಅವು ಒಂದನ್ನೊಂದು ಪ್ರಶ್ನಿಸತೊಡಗುತ್ತವೆ.

ಇಂಥ ಮರುರಚನೆಯಿಂದ ಆಕರವು ವಿರೂಪಗೊಳ್ಳುತ್ತದೆ ಎಂಬ ಆಕ್ಷೇಪಣೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ವ್ಯಾಸಭಾರತವನ್ನು ತನ್ನ ಆಶ್ರಯದಾತನ ಕಥೆಯೊಂದಿಗೆ ಬೆಸೆದ ಪಂಪನನ್ನು ಆದಿಕವಿಯೆಂದು ಕೊಂಡಾಡುವ ಪರಂಪರೆಗೆ ಮೂಲನಿಷ್ಠೆಯೊಂದೇ ಮೌಲ್ಯವಾಗಲಾರದು. ಪಂಪನಿಂದ ವ್ಯಾಸಭಾರತ ಅಳಿಯಲಿಲ್ಲ. ಎರಡನ್ನೂ ಎದುರುಬದುರು ಇಟ್ಟು ಓದುವ ವಿದ್ಯೆ ಬೆಳೆಯಿತು. ಮೂಲವೆಂಬುದರ ಸ್ಥಿತಿಯನ್ನು ಶ್ರೀರಂಗಪಟ್ಟಣದ ದರಿಯಾ ದೌಲತ್ತಿನ ಗೋಡೆಯೇ ಹೇಳುತ್ತದೆ. 1780ರ ಪೊಳ್ಳಿಲೂರು ಯುದ್ಧದಲ್ಲಿ ಕಂಪನಿಯ ಸೈನ್ಯ ಸೋತುದನ್ನು ಸಾರುವ ಆ ಭಿತ್ತಿಚಿತ್ರವನ್ನು 1799ರ ಅನಂತರ ವೆಲ್ಲೆಸ್ಲಿಯೂ 1855ರಲ್ಲಿ ಡಾಲ್‌ಹೌಸಿಯೂ ಮತ್ತೆ ಬಣ್ಣ ಹಚ್ಚಿಸಿ ಉಳಿಸಿದರು. ಸೋತವರ ಕಡೆಯವರೇ ತಿದ್ದಿಸಿದ ಗೆಲುವಿನ ಚಿತ್ರವದು. ಅಲ್ಲಿಯೂ ಕಾಣುವುದು ಪದರವೇ.

ಹಾಗೆಂದು ಕತ್ತರಿಸಿ ಅಂಟಿಸಿದ್ದೆಲ್ಲ ವಿಮರ್ಶೆಯಾಗದು. ಕರ್ನಾಟಕದ ಕಲಾವಿದೆ ಪುಷ್ಪಮಾಲಾ ಎನ್. ಅವರು ಕ್ಲೇರ್ ಆರ್ನಿಯವರೊಂದಿಗೆ 2000ದಿಂದ 2004ರವರೆಗೆ ರೂಪಿಸಿದ ದಕ್ಷಿಣ ಭಾರತದ ಸ್ತ್ರೀಯರ ಛಾಯಾಚಿತ್ರ ಸರಣಿಯಲ್ಲಿ ರವಿವರ್ಮನ ಲಕ್ಷ್ಮಿ ತನ್ನ ತಾವರೆಕೊಳದ ಸಮೇತ ಮರಳುತ್ತಾಳೆ. ಅಲ್ಲಿನ ಹಿನ್ನೆಲೆ ಬಣ್ಣ ಬಳಿದ ಪರದೆಯೆಂಬುದನ್ನು ಚಿತ್ರವು ಬಚ್ಚಿಡುವುದಿಲ್ಲ. ಅಮೆರಿಕದ ಕಾರಾ ವಾಕರ್ 2005ರ ಸರಣಿಯೊಂದರಲ್ಲಿ ಅಲ್ಲಿನ ಅಂತರ್ಯುದ್ಧದ ಹಳೆಯ ಅಚ್ಚುಚಿತ್ರಗಳನ್ನು ಹಿಗ್ಗಿಸಿ, ಅವುಗಳ ಮೇಲೆ ಕಪ್ಪು ಜನರ ನೆರಳುರೂಪಗಳನ್ನು ರೇಷ್ಮೆಪರದೆಯ ವಿಧಾನದಲ್ಲಿ ಒತ್ತಿದರು. ಹಳೆಯ ಚಿತ್ರವೂ ಉಳಿಯಿತು, ಅದು ಬಿಟ್ಟವರೂ ಕಂಡರು. ಇವೆರಡೂ ಒಂದು ಒರೆಗಲ್ಲನ್ನು ಒದಗಿಸುತ್ತವೆ: ಅಂಟಿಸಿದ ಅಂಚು ಕಾಣಬೇಕು. ಅಂಚನ್ನು ನಯವಾಗಿ ಅಡಗಿಸುವ ಗಣಕಯಂತ್ರದ ಜೋಡಣೆಯು ಹಳೆಯ ಸುಳ್ಳಿನ ಸ್ಥಾನದಲ್ಲಿ ಹೊಸ ಸುಳ್ಳನ್ನು ಕೂರಿಸುತ್ತದೆ. ಟಿಪ್ಪುವಿನ ಹೆಸರಿನಲ್ಲಿ ಪರ ವಿರೋಧದ ಚಿತ್ರಗಳು ಬೀದಿಬೀದಿಯಲ್ಲಿ ತಯಾರಾಗುವ ಕಾಲದಲ್ಲಿ ಈ ವ್ಯತ್ಯಾಸವನ್ನು ತಿಳಿಸಿಕೊಡುವುದು ತರಗತಿಯ ಹೊಣೆಯಾಗಿದೆ.

ಆದ್ದರಿಂದ ಕನ್ನಡ ವಿಭಾಗಗಳು ಕೈಗೊಳ್ಳಬೇಕಾದ ಕ್ರಮಗಳು ದೊಡ್ಡವಲ್ಲ. ಹಳೆಯ ಅಚ್ಚುಚಿತ್ರವನ್ನು ಬಳಸುವಾಗ ಬಿಡಿಸಿದವನು, ಕೊರೆದವನು, ಪ್ರಕಟವಾದ ವರ್ಷ ಇವನ್ನು ಶಾಸನದ ಪಾಠಕ್ಕೆ ತೋರುವ ಎಚ್ಚರದಿಂದಲೇ ನಮೂದಿಸಬೇಕು. ಮೂಲವನ್ನು ಮೂಲವಾಗಿ ಕಾಪಾಡಿ, ಮರುರಚನೆಯನ್ನು ಮರುರಚನೆಯೆಂದೇ ಹೆಸರಿಸಬೇಕು. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಂಥ ಸಂಸ್ಥೆಗಳ ಮುದ್ರಣಕಲೆಯ ವಿದ್ಯಾರ್ಥಿಗಳೂ ಕನ್ನಡ ಸಂಶೋಧನಾರ್ಥಿಗಳೂ ಕೈಫಿಯತ್ತು ಮತ್ತು ಅಚ್ಚುಚಿತ್ರಗಳನ್ನು ಒಂದೇ ಮೇಜಿನ ಮೇಲಿಟ್ಟು ಓದುವಂತಾಗಬೇಕು. ಬೆಳಗೊಳದ ಗದ್ದೆಯಂಚಿನಿಂದ ನೋಡಿದರೆ ಕೋಟೆ ಹೇಗೆ ಕಾಣುತ್ತದೆ ಎಂಬ ಪ್ರಶ್ನೆಗೆ 1794ರ ಪುಸ್ತಕಗಳಲ್ಲಿ ಉತ್ತರವಿಲ್ಲ. ಅದನ್ನು ಈಗಿನವರೇ ರಚಿಸಬೇಕಾಗಿದೆ.