ಧಕ್ಕೆ ಬಿಡುವ ಮೊದಲಿನ ಹತ್ತು ನಿಮಿಷಕ್ಕಾಗಿ ಮನವಿ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಉತ್ತರ ಕನ್ನಡ ಜಿಲ್ಲೆ, ಕಾರವಾರ.

ಇವರಿಂದ,
ಶರಾವತಿ ನದಿಯಲ್ಲಿ ಪ್ರವಾಸಿ ದೋಣಿ ನಡೆಸುವವರು ಹಾಗೂ ದಂಡೆಯ ನಿವಾಸಿಗಳು,
ಹೊನ್ನಾವರ ತಾಲೂಕು.

ವಿಷಯ: ವಿಹಾರ ದೋಣಿಗಳು ಹೊರಡುವ ಮೊದಲು ದೋಣಿಯ ತಪಾಸಣೆ ಹಾಗೂ ಪ್ರಯಾಣಿಕರಿಗೆ ಸೂಚನೆ ನೀಡುವುದನ್ನು ಕಡ್ಡಾಯಗೊಳಿಸುವ ಬಗ್ಗೆ.

ಮಾನ್ಯರೇ,

ಶರಾವತಿಯ ಹಿನ್ನೀರಿನಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಪ್ರವಾಸಿಗರನ್ನು ಸುತ್ತಾಡಿಸುವುದು ಇಂದು ನಮ್ಮಲ್ಲಿ ಅನೇಕರ ಹೊಟ್ಟೆಪಾಡು. ಮೀನುಗಾರಿಕೆಯಲ್ಲಿ ಪಳಗಿದ ಕೈಗಳೇ ಈ ದೋಣಿಗಳನ್ನೂ ನಡೆಸುತ್ತವೆ. ಆದರೂ ರಜೆಯ ದಿನ ಧಕ್ಕೆಯ ಮೇಲಿನ ನೂಕುನುಗ್ಗಲು ಕಂಡರೆ ನಮಗೇ ಎದೆ ಝಲ್ಲೆನ್ನುತ್ತದೆ.

ಕಳೆದ ಡಿಸೆಂಬರ್ ರಜೆಯಲ್ಲಿ ನಮ್ಮ ದೋಣಿಯೊಂದಕ್ಕೆ ಒಂದು ಕುಟುಂಬ ಬಂತು. ಜೊತೆಯಲ್ಲಿದ್ದ ಐದು ವರ್ಷದ ಹುಡುಗಿಗೆ ಹಾಕಲು ಇದ್ದದ್ದು ದೊಡ್ಡವರ ಲೈಫ್ ಜಾಕೆಟ್. ದೋಣಿ ನಡೆಸುವ ತಾಂಡೇಲ ಬಕಲ್ ಬಿಗಿದು, ಹೆಗಲ ಬಳಿ ಹಿಡಿದು ಮೇಲಕ್ಕೆ ಎಳೆದು ನೋಡಿದ. ಮಗು ನಿಂತಲ್ಲೇ ನಿಂತಿತ್ತು, ಜಾಕೆಟ್ ಮಾತ್ರ ಕಿವಿ ದಾಟಿ ಮೇಲೆ ಬಂತು. ನೀರಿಗೆ ಬಿದ್ದಾಗ ಆಗುವುದೂ ಇದೇ. ಜಾಕೆಟ್ ತೇಲುತ್ತದೆ, ಮಗು ಅದರೊಳಗಿಂದ ಜಾರುತ್ತದೆ. ಅಳತೆಯ ಜಾಕೆಟ್ ತರಿಸುವ ತನಕ ಹೊರಡುವುದಿಲ್ಲ ಎಂದದ್ದಕ್ಕೆ ಅವರು ಬೇಸರಪಟ್ಟು ಇಳಿದು ಪಕ್ಕದ ದೋಣಿ ಹತ್ತಿದರು. ಅದು ಎರಡೇ ನಿಮಿಷದಲ್ಲಿ ಹೊರಟಿತು. ದೇವರ ದಯೆಯಿಂದ ಏನೂ ಆಗಲಿಲ್ಲ. ಆದರೆ ಜಾಗ್ರತೆ ವಹಿಸಿದವನ ಆ ಹೊತ್ತಿನ ದುಡಿಮೆ ಹೋಯಿತು. ನಮ್ಮ ಮನವಿಯ ಮೂಲ ಇಲ್ಲಿದೆ: ನಿಯಮ ಎಲ್ಲ ದೋಣಿಗಳಿಗೂ ಒಂದೇ ರೀತಿ ಅನ್ವಯವಾಗದಿದ್ದರೆ ಒಳ್ಳೆಯ ತಾಂಡೇಲನೂ ನಾಳೆ ಅವಸರಕ್ಕೆ ಬೀಳುತ್ತಾನೆ.

ಜಾಗ್ರತೆ ತಪ್ಪಿದರೆ ಏನಾಗುತ್ತದೆ ಎಂಬುದನ್ನು ನೋಡಿದ್ದೇವೆ. 2019ರ ಜನವರಿ 21ರಂದು ನಮ್ಮ ಜಿಲ್ಲೆಯ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಜೀವ ಕಳೆದುಕೊಂಡರು. ಆ ಮನೆಗಳ ದುಃಖವನ್ನು ಈ ಜಿಲ್ಲೆಗೆ ಹೊಸದಾಗಿ ಹೇಳಬೇಕಿಲ್ಲ. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಮಿತಿಮೀರಿ ಜನ ತುಂಬಿ ಕತ್ತಲಾದ ಮೇಲೂ ಓಡಿದ ದೋಣಿ 22 ಜನರನ್ನು ಬಲಿ ಪಡೆಯಿತು. ಮರುವರ್ಷ ಜನವರಿಯಲ್ಲಿ ವಡೋದರಾದ ಹರಣಿ ಕೆರೆಯಲ್ಲಿ 12 ಶಾಲಾಮಕ್ಕಳೂ ಅವರ ಇಬ್ಬರು ಶಿಕ್ಷಕಿಯರೂ ಮುಳುಗಿದರು. ಅದು ಊರೊಳಗಿನ ಕೆರೆ, ದಡ ಕಣ್ಣೆದುರಿಗೇ ಇತ್ತು.

ದಡ ಹತ್ತಿರವಿದ್ದರೂ ನೀರಿಗೆ ಬಿದ್ದವರನ್ನು ತೇಲಿಸಬೇಕಾದದ್ದು ಜಾಕೆಟ್. ಆದ್ದರಿಂದ ನಮ್ಮ ಮೊದಲ ಬೇಡಿಕೆ ಅದರದೇ. ಮಕ್ಕಳ ತೂಕಕ್ಕೆ ತಕ್ಕ, ಕಾಲಸಂದಿಯ ಪಟ್ಟಿ ಇರುವ ಜಾಕೆಟ್‌ಗಳು ಪ್ರತಿ ಧಕ್ಕೆಯಲ್ಲೂ ಇರಬೇಕು. ಅವುಗಳ ಖರೀದಿಗೆ ಸಣ್ಣ ದೋಣಿಯವರಿಗೆ ಸಹಾಯಧನ ಅಥವಾ ಸುಲಭ ಸಾಲ ಕೊಡಿಸಬೇಕು. ಜಾಕೆಟ್ ತೊಟ್ಟು, ಎಳೆದು ನೋಡಿಸಿಕೊಂಡ ಮೇಲೆಯೇ ದೋಣಿ ಹತ್ತಲು ಬಿಡಬೇಕು. ಫೋಟೋಕ್ಕೆ ಅಡ್ಡ ಎಂದು ನಡುನೀರಿನಲ್ಲಿ ಬಿಚ್ಚುವವರಿದ್ದಾರೆ, ಅಂಥವರಿದ್ದರೆ ದೋಣಿ ತಿರುಗಿಸಿ ತರುವ ಅಧಿಕಾರ ತಾಂಡೇಲನಿಗೆ ಇರಬೇಕು.

ಎರಡನೆಯದು, ಹೊರಡುವ ಮೊದಲು ಪ್ರಯಾಣಿಕರಿಗೆ ಹೇಳಲೇಬೇಕಾದ ಕೆಲವು ಮಾತು. ಬಯಲುಸೀಮೆಯಿಂದ ಬರುವ ಎಷ್ಟೋ ಜನ ದೋಣಿ ಹತ್ತುವುದು ಅದೇ ಮೊದಲ ಸಲ. ಕಾಂಡ್ಲಾ ಕೊಂಬೆಯ ಮೇಲೆ ಮಿಂಚುಳ್ಳಿಯೊಂದು ಕಂಡರೆ ಸಾಕು, ಇಡೀ ದೋಣಿಯೇ ಒಂದು ಮಗ್ಗುಲಿಗೆ ಎದ್ದು ನಿಲ್ಲುತ್ತದೆ. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ 45 ಪ್ರವಾಸಿಗರು ಸತ್ತದ್ದು ಹೀಗೆಯೇ, ದಡದ ಪ್ರಾಣಿಗಳನ್ನು ನೋಡಲು ಜನ ಒಂದೇ ಕಡೆ ಸರಿದಾಗ. ಕೂತಲ್ಲೇ ಕೂತು ನೋಡಿ, ಧಕ್ಕೆಗೆ ತಾಗುವಾಗ ಕೈ ಹೊರಗೆ ಚಾಚಬೇಡಿ, ದೋಣಿ ಮಗುಚಿದರೂ ಅದನ್ನು ಬಿಟ್ಟು ಈಜಲು ಹೋಗದೆ ಹಿಡಿದುಕೊಂಡೇ ಇರಿ: ಇಷ್ಟನ್ನು ಕನ್ನಡದಲ್ಲೂ ಬಂದವರ ಭಾಷೆಯಲ್ಲೂ ಹೇಳದೆ ಹಗ್ಗ ಬಿಚ್ಚಬಾರದು. ಕುಡಿದು ಬಂದವರನ್ನು ಹತ್ತಿಸಿಕೊಳ್ಳಬಾರದು.

ಮೂರನೆಯದು ನೀರಿನ ಮಾಹಿತಿ. ಇಳಿತದ ಹೊತ್ತಿನಲ್ಲಿ, ಅದರಲ್ಲೂ ಹುಣ್ಣಿಮೆ ಅಮಾವಾಸ್ಯೆಯ ಆಸುಪಾಸು, ಸೆಳವು ಅಳಿವೆಯ ಕಡೆಗೆ ಜೋರಾಗಿರುತ್ತದೆ. ಗೇರುಸೊಪ್ಪ ಅಣೆಕಟ್ಟೆಯಿಂದ ನೀರು ಬಿಟ್ಟರೆ ಅದು ಇನ್ನೂ ಹೆಚ್ಚು. ಆಗ ಎಂಜಿನ್ ಕೈಕೊಟ್ಟರೆ ದೋಣಿ ತೇಲಿಹೋಗುವುದು ಅಳಿವೆಯ ಮರಳುದಿಬ್ಬದ ಅಲೆಗಳಿಗೇ. ಆ ದಿನದ ಭರತ ಇಳಿತದ ವೇಳೆ, ಗಾಳಿಯ ಮುನ್ಸೂಚನೆ, ಅಣೆಕಟ್ಟೆಯಿಂದ ನೀರು ಬಿಡುವ ಸಮಯ ಬೆಳಿಗ್ಗೆಯೇ ಧಕ್ಕೆಯ ಫಲಕದ ಮೇಲೆ ಬರುವಂತೆ ವ್ಯವಸ್ಥೆಯಾಗಬೇಕು.

ಇನ್ನು ದೋಣಿಯ ಕುರಿತು. 2021ರ ಒಳನಾಡು ಹಡಗುಗಳ ಕಾಯ್ದೆಯಂತೆ ಯಂತ್ರಚಾಲಿತ ದೋಣಿಗಳಿಗೆ ಸರ್ವೆ ಮತ್ತು ನೋಂದಣಿ ಬೇಕು. ಒಪ್ಪಿಗೆಯಾದ ಪ್ರಯಾಣಿಕರ ಸಂಖ್ಯೆಯನ್ನು ದೋಣಿಯ ಎರಡೂ ಬದಿಗೆ ದೊಡ್ಡದಾಗಿ ಬರೆಸಬೇಕು, ಮಡಿಲ ಮಕ್ಕಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಹುಟ್ಟು, ಲಂಗರು, ಹಗ್ಗ, ನೀರು ಮೊಗೆಯುವ ಬಕೆಟ್, ಹೋಗಿಬರಲು ಬೇಕಾದ್ದಕ್ಕಿಂತ ಹೆಚ್ಚಿನ ಇಂಧನ ಇದೆಯೇ ಎಂದು ಪ್ರತಿ ಬೆಳಿಗ್ಗೆ ನೋಡಬೇಕು. ಎಷ್ಟು ಜನ ಹೋದರು, ಎಷ್ಟು ಜನ ಮರಳಿದರು ಎಂಬುದು ಧಕ್ಕೆಯ ಪುಸ್ತಕದಲ್ಲಿ ದಾಖಲಾಗಬೇಕು. ಸೂರ್ಯ ಮುಳುಗುವ ಮೊದಲು ಕೊನೆಯ ದೋಣಿ ದಡ ಸೇರಬೇಕು.

ಇವನ್ನು ಪಾಲಿಸದ ದೋಣಿಯನ್ನು, ಅದು ನಮ್ಮದೇ ಆಗಿದ್ದರೂ, ಆ ದಿನ ನೀರಿಗಿಳಿಸದಂತೆ ತಡೆಯಿರಿ. ನಾವು ಅಡ್ಡ ಬರುವುದಿಲ್ಲ.

ದಸರಾ ರಜೆಗೆ ಮೊದಲೇ ಬಂದರು, ಪ್ರವಾಸೋದ್ಯಮ ಮತ್ತು ಪೊಲೀಸ್ ಇಲಾಖೆಗಳ ಅಧಿಕಾರಿಗಳೊಂದಿಗೆ ಧಕ್ಕೆಯಲ್ಲಿಯೇ ಒಂದು ಸಭೆ ಕರೆಯಬೇಕೆಂದು ಪ್ರಾರ್ಥಿಸುತ್ತೇವೆ. ಅಂದು ನಮ್ಮ ದೋಣಿಗಳನ್ನೂ ಜಾಕೆಟ್‌ಗಳನ್ನೂ ತಮ್ಮ ಮುಂದೆ ತಪಾಸಣೆಗೆ ಇಡುತ್ತೇವೆ.

ತಮ್ಮ ವಿಶ್ವಾಸಿಗಳು,
ಶರಾವತಿಯ ದೋಣಿ ನಡೆಸುವವರು ಮತ್ತು ದಂಡೆಯ ನಿವಾಸಿಗಳು

ಸ್ಥಳ: ಹೊನ್ನಾವರ