ನೇರ ಕೂದಲಿಗೆ ಸುರುಳಿ ನಿಂತೀತೇ?

ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿ ಕಡೆ ರೇಷ್ಮೆ ಹುಳು ಸಾಕುವ ಮನೆಗಳ ಗೋಡೆಯ ಮೇಲೆ ಜೋಡಿ ಉಷ್ಣಮಾಪಕ ತೂಗುಹಾಕಿರುವುದುಂಟು. ಒಂದರ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿರುತ್ತದೆ, ಇನ್ನೊಂದು ಒಣಗಿರುತ್ತದೆ. ಎರಡರ ಅಂಕಿಗಳ ಅಂತರ ನೋಡಿ ಗಾಳಿಯಲ್ಲಿ ತೇವ ಎಷ್ಟಿದೆಯೆಂದು ತಿಳಿಯುವ ಉಪಾಯವಿದು. ಎಳೆಯ ಹುಳುಗಳಿಗೆ ನೂರಕ್ಕೆ 80ರಿಂದ 90ರಷ್ಟು ಆರ್ದ್ರತೆ ಬೇಕು. ಆದರೆ ನಾಲ್ಕು ಜ್ವರ ದಾಟಿ ಹಣ್ಣಾದ ಹುಳುಗಳನ್ನು ಚಂದ್ರಂಕಿಗೆ ಬಿಟ್ಟಮೇಲೆ ಅದು 60-70ಕ್ಕೆ ಇಳಿಯಬೇಕು. ಕಿಟಕಿ ತೆರೆದು ಗಾಳಿಯಾಡಲು ಬಿಡುತ್ತಾರೆ. ಹುಳು ಬಿಡುವ ಎಳೆಯ ಮೇಲಿನ ಅಂಟು ಬೇಗ ಒಣಗಿದರೆ ಮಾತ್ರ ಗೂಡು ಚೆನ್ನಾಗಿ ನಿಲ್ಲುತ್ತದೆ. ಗಾಳಿ ಒದ್ದೆಯಾಗಿದ್ದರೆ ಗೂಡಿನಿಂದ ನೂಲು ಸಲೀಸಾಗಿ ಬಿಚ್ಚುವುದಿಲ್ಲ, ರಾಮನಗರದ ಗೂಡು ಮಾರುಕಟ್ಟೆಯಲ್ಲಿ ಬೆಲೆಯೂ ಸಿಗುವುದಿಲ್ಲ.

ಈಗ ಇಂಥದೇ ಮನೆಯ ಕನ್ನಡಿಯ ಮುಂದೆ ನಡೆಯಬಹುದಾದ ಒಂದು ಮಾತುಕತೆಯನ್ನು ಊಹಿಸಿಕೊಳ್ಳಿ. ಶಾಲೆಯ ವಾರ್ಷಿಕೋತ್ಸವ ಹತ್ತಿರ ಬಂದಿದೆ. ಮಗಳು ನೃತ್ಯಕ್ಕೆ ಸೇರಿದ್ದಾಳೆ.

"ಅವ್ವಾ, ರಾತ್ರಿಯೆಲ್ಲ ಸಣ್ಣ ಸಣ್ಣ ಜಡೆ ಹಾಕ್ಕೊಂಡು ಮಲಗಿದ್ದೆ. ಪ್ರಾರ್ಥನೆ ಮುಗಿಯೋ ಹೊತ್ತಿಗೇ ಮೊದಲಿನ ಹಂಗೇ ಆಗೋಯ್ತು."

"ನಿನ್ನ ಕೂದ್ಲೇ ಹಂಗೆ ಕಣವ್ವ. ನಮ್ಮ ಕಡೆಯೋರ್ದೆಲ್ಲ ನೆಟ್ಟಗೆ. ಎಣ್ಣೆ ಹಚ್ಚಿ ಬಾಚ್ಕೊ, ಹೊತ್ತಾಯ್ತು."

"ಕನಕಪುರದ ಪಾರ್ಲರ್‌ನಲ್ಲಿ ಮಾಡಿಸ್ಕೊಂಡ್ರೆ ಆರು ತಿಂಗ್ಳು ಇರ್ತದಂತೆ. ಗೂಡಿನ ದುಡ್ಡು ಬಂದಾಗ..."

ತಾಯಿಯ ಮೊದಲನೆಯ ಮಾತು ನಿಜ. ಕೂದಲು ನೇರವೋ ಗುಂಗುರೋ ಎಂಬುದು ಚರ್ಮದೊಳಗೆ ಅದರ ಬೇರು ಇರುವ ಕುಳಿಯಲ್ಲೇ ತೀರ್ಮಾನವಾಗುತ್ತದೆ. ಕುಳಿ ನೇರವಾಗಿದ್ದರೆ ಕೂದಲೂ ನೇರ, ಬಾಗಿದ್ದರೆ ಗುಂಗುರು. ಇದು ವಂಶದಿಂದ ಬರುವ ಗುಣ. ಯಾವ ಎಣ್ಣೆ, ಯಾವ ಸೊಪ್ಪಿನ ರಸವೂ ಅದನ್ನು ಬದಲಿಸದು. ಆದರೆ ಚರ್ಮದಿಂದ ಹೊರಬಂದ ಕೂದಲು ಜೀವವಿಲ್ಲದ ಎಳೆ. ಆ ಎಳೆಗೆ ಒಂದು ದಿನದ ಮಟ್ಟಿಗಾದರೂ ಬೇರೆ ಆಕಾರ ಕೊಡಬಹುದು. ಹೇಗೆ ಎಂಬುದು ರೇಷ್ಮೆ ಮನೆಯವರಿಗೆ ಹೊಸದೇನಲ್ಲ.

ಕೂದಲು ಕೆರಾಟಿನ್ ಎಂಬ ಪ್ರೋಟೀನು, ರೇಷ್ಮೆಯ ಎಳೆ ಫೈಬ್ರಾಯಿನ್ ಎಂಬ ಪ್ರೋಟೀನು. ಸೀರೆಯ ಅಂಚಿನಿಂದ ಒಂದೆಳೆ ಕಿತ್ತು ಸುಟ್ಟು, ಕೂದಲು ಸುಟ್ಟ ವಾಸನೆ ಬಂದರೆ ಅಸಲಿ ರೇಷ್ಮೆಯೆಂದು ಹೇಳುವುದು ಇದೇ ಕಾರಣಕ್ಕೆ. ಕೂದಲಿನೊಳಗೆ ಪ್ರೋಟೀನಿನ ಉದ್ದನೆಯ ಸರಪಳಿಗಳು ಒತ್ತೊತ್ತಾಗಿ ಇವೆ. ಅವನ್ನು ಒಂದಕ್ಕೊಂದು ಹಿಡಿದಿಡುವ ಬಂಧಗಳಲ್ಲಿ ಎರಡು ಇಲ್ಲಿ ಮುಖ್ಯ. ಮೊದಲನೆಯದು ಹೈಡ್ರೋಜನ್ ಬಂಧ. ಇದು ಸಡಿಲವಾದ ಗಂಟಿನಂತೆ: ನೀರು ತಾಗಿದರೆ ಬಿಚ್ಚಿಕೊಳ್ಳುತ್ತದೆ, ಒಣಗಿದರೆ ಮತ್ತೆ ಬೀಳುತ್ತದೆ. ಆದರೆ ಇಂಥ ಗಂಟುಗಳು ಲೆಕ್ಕವಿಲ್ಲದಷ್ಟು. ಎರಡನೆಯದು ಗಂಧಕದ ಪರಮಾಣುಗಳ ನಡುವಿನ ಬಂಧ. ಇದು ಗಟ್ಟಿ ಹೊಲಿಗೆ. ನೀರಿಗೂ ಸಾಬೂನಿಗೂ ಜಗ್ಗದು.

ಒದ್ದೆ ಕೂದಲನ್ನು ಏನಕ್ಕಾದರೂ ಸುತ್ತಿದರೆ ಬಿಚ್ಚಿಕೊಂಡಿದ್ದ ಗಂಟುಗಳು ಒಣಗುವಾಗ ಹೊಸ ಜಾಗದಲ್ಲಿ ಬೀಳುತ್ತವೆ. ಸುರುಳಿ ಹುಟ್ಟುವುದು ಹಾಗೆ. ಇಸ್ತ್ರಿ ಮಾಡುವವರು ಹತ್ತಿ ಬಟ್ಟೆಗೆ ನೀರು ಚಿಮುಕಿಸುವುದೂ ಬುಟ್ಟಿ ಹೆಣೆಯುವವರು ಬಿದಿರ ಸೀಳನ್ನು ನೆನೆಸುವುದೂ ಇದೇ ತತ್ವದ ಮೇಲೆ. ಹತ್ತಿ, ಬಿದಿರು ಪ್ರೋಟೀನುಗಳಲ್ಲ, ಸೆಲ್ಯುಲೋಸ್. ಆದರೂ ಗಂಟು ಅದೇ ಹೈಡ್ರೋಜನ್ ಬಂಧ. ಇಸ್ತ್ರಿಯ ಗೆರೆ ಮಳೆಯಲ್ಲಿ ನೆನೆದರೆ ಮಾಯವಾಗುವಂತೆ ಸುರುಳಿಯೂ ಮಾಯವಾಗುತ್ತದೆ.

ನೆನೆಯಲೇಬೇಕೆಂದೂ ಇಲ್ಲ. ಗಾಳಿಯ ತೇವವೇ ಸಾಕು. ಸ್ವಿಟ್ಜರ್ಲೆಂಡಿನ ಜಿನೀವಾದ ವಿಜ್ಞಾನಿ ಸಸ್ಯೂರ್ 1783ರಲ್ಲಿ ಮನುಷ್ಯನ ಕೂದಲನ್ನೇ ಬಳಸಿದ ಆರ್ದ್ರತಾಮಾಪಕವನ್ನು ವಿವರಿಸಿದ. ಪೂರ್ತಿ ಒಣ ಗಾಳಿಯಿಂದ ಪೂರ್ತಿ ತೇವದ ಗಾಳಿಗೆ ಬಂದರೆ ಕೂದಲು ನೂರಕ್ಕೆ ಎರಡು, ಎರಡೂವರೆ ಪಾಲು ಉದ್ದವಾಗುತ್ತದೆ. ಈ ಅಲ್ಪ ಹಿಗ್ಗುವಿಕೆಯನ್ನು ಒಂದು ಮುಳ್ಳಿಗೆ ಜೋಡಿಸಿದರೆ ಆರ್ದ್ರತೆಯನ್ನು ನೇರವಾಗಿ ಓದಬಹುದು. ಹವಾಮಾನ ಕೇಂದ್ರಗಳಲ್ಲಿ ಇಂಥ ಕೂದಲಿನ ಉಪಕರಣಗಳು ಬಹುಕಾಲ ಬಳಕೆಯಲ್ಲಿದ್ದವು. ಸಸ್ಯೂರ್ ಕೂದಲನ್ನು ಮೊದಲು ಸೋಡಾ ನೀರಿನಲ್ಲಿ ಕುದಿಸಿ ಅದರ ಜಿಡ್ಡು ತೆಗೆಯುತ್ತಿದ್ದ. ಜಿಡ್ಡಿದ್ದರೆ ತೇವ ಸರಾಗವಾಗಿ ಒಳಹೋಗದಲ್ಲ! ತಾಯಿಯ ಎರಡನೆಯ ಮಾತು ತಪ್ಪುವುದು ಇಲ್ಲೇ. ಎಣ್ಣೆ ಕೂದಲಿಗೆ ಒಳ್ಳೆಯದೇ. ಕೊಬ್ಬರಿ ಎಣ್ಣೆ ಕೂದಲಿನೊಳಕ್ಕೆ ಇಳಿದು ತೊಳೆಯುವಾಗ ಪ್ರೋಟೀನು ನಷ್ಟವಾಗುವುದನ್ನು ತಗ್ಗಿಸುತ್ತದೆಂದು ಪ್ರಯೋಗಗಳಲ್ಲಿ ಕಂಡಿದೆ. ಆದರೆ ಸುರುಳಿ ಮಾಡುವ ದಿನ ಅದು ಬೇಡ. ಜಾರುವ, ಭಾರವಾದ ಕೂದಲು ಸುರುಳಿ ಹಿಡಿಯದು.

ಹಾಗಾದರೆ ಮಗಳ ಜಡೆ ಏಕೆ ಕೈಕೊಟ್ಟಿತು? ಬಹುಶಃ ಅವಳು ತೊಟ್ಟಿಕ್ಕುವ ಕೂದಲನ್ನೇ ಹೆಣೆದುಕೊಂಡು ಮಲಗಿದ್ದಳು. ದಪ್ಪ ನೇರ ಕೂದಲಿಗೆ ನೀರು ಇಳಿಯಲೂ ಹೊತ್ತು ಬೇಕು, ಆರಲೂ ಹೊತ್ತು ಬೇಕು. ನೆನೆದ ಕೂದಲು ತನ್ನ ತೂಕದ ಸುಮಾರು ಮೂರನೇ ಒಂದು ಪಾಲು ನೀರನ್ನು ಒಳಗೇ ಹೀರಿಕೊಂಡಿರುತ್ತದೆ. ಮೇಲೆ ಒಣಗಿದಂತೆ ಕಂಡರೂ ಜಡೆಯ ನಡುವೆ ತೇವ ಉಳಿದಿರುತ್ತದೆ. ಬೆಳಿಗ್ಗೆ ಅವಸರದಲ್ಲಿ ಬಿಚ್ಚಿದರೆ ಗಂಟುಗಳಿನ್ನೂ ಬಿದ್ದಿಲ್ಲ! ಉಳಿದದ್ದನ್ನು ಕೂದಲಿನ ಭಾರವೇ ಎಳೆದು ನೇರ ಮಾಡುತ್ತದೆ.

ಸಂಜೆ ಸೀಗೆಕಾಯಿಯಲ್ಲೋ ಶಾಂಪೂವಿನಲ್ಲೋ ಜಿಡ್ಡು ಹೋಗುವಂತೆ ತೊಳೆಯಬೇಕು. ಮುಕ್ಕಾಲು ಪಾಲಿಗಿಂತ ಹೆಚ್ಚು ಆರಿ, ಮುಟ್ಟಿದರೆ ತಣ್ಣಗಷ್ಟೇ ಇರುವಾಗ ಸಣ್ಣ ಸಣ್ಣ ಪಾಲು ಮಾಡಬೇಕು. ಹಳೆಯ ಹತ್ತಿ ಸೀರೆಯನ್ನು ಎರಡು ಬೆರಳಗಲದ ಪಟ್ಟಿಗಳಾಗಿ ಹರಿದು, ಒಂದೊಂದು ಪಾಲನ್ನೂ ತುದಿಯಿಂದ ಬುಡದವರೆಗೆ ಪಟ್ಟಿಗೆ ಸುತ್ತಿ ಕಟ್ಟಬೇಕು. ಹತ್ತಿ ತೇವ ಹೀರುತ್ತದೆ, ತಲೆಗೂ ಒತ್ತುವುದಿಲ್ಲ. ಬೇಕಾದ ಸುರುಳಿಗಿಂತ ಬಿಗಿಯಾಗಿಯೇ ಸುತ್ತಿರಲಿ, ಬಿಚ್ಚಿದಮೇಲೆ ಸ್ವಲ್ಪ ಸಡಿಲವಾಗುವುದು ಖಂಡಿತ. ಪೂರ್ತಿ ಒಣಗಿದೆಯೆಂದು ಖಾತ್ರಿಯಾದ ಮೇಲೆಯೇ ಬಿಚ್ಚಬೇಕು. ಆಮೇಲೆ ಬಾಚಣಿಗೆ ತಾಗಿಸದೆ ಬೆರಳಿನಿಂದ ಬಿಡಿಸಿಕೊಂಡರೆ ಸಾಕು.

ಇನ್ನೂ ಒಂದು ಉಪಾಯವನ್ನು ರೇಷ್ಮೆ ಹುಳುವೇ ಕಲಿಸಿಕೊಡುತ್ತದೆ. ಅದರ ಎಳೆಯ ತೂಕದಲ್ಲಿ ಸುಮಾರು ಕಾಲುಭಾಗ ಸೆರಿಸಿನ್ ಎಂಬ ಅಂಟು. ಗೂಡು ಆಕಾರ ಹಿಡಿದು ನಿಲ್ಲುವುದು ಆ ಅಂಟು ಒಣಗುವುದರಿಂದ. ಕ್ರೇಪ್ ಬಟ್ಟೆ ನೇಯುವವರು ಈ ಅಂಟಿನ ಉಪಯೋಗವನ್ನು ಚೆನ್ನಾಗಿ ಬಲ್ಲರು. ಬಲವಾಗಿ ಹುರಿ ಮಾಡಿದ ನೂಲಿಗೆ ಹಬೆ ಕೊಟ್ಟು ಹುರಿ ನಿಲ್ಲಿಸುತ್ತಾರೆ, ಅಂಟು ಇರುವಾಗಲೇ ನೇಯುತ್ತಾರೆ, ಕೊನೆಗೆ ಬಟ್ಟೆಯನ್ನು ಕುದಿಸಿ ಅಂಟು ಬಿಡಿಸುತ್ತಾರೆ. ಬಿಡುಗಡೆಯಾದ ನೂಲು ತನ್ನ ಹುರಿಯನ್ನು ಬಿಚ್ಚಿಕೊಳ್ಳಲು ಹೆಣಗುವಾಗ ಬಟ್ಟೆಯ ಮೈ ನಯವಾಗಿ ಸುಕ್ಕುಗಟ್ಟುತ್ತದೆ. 1912ರಲ್ಲಿ ಆರಂಭವಾದ ಮೈಸೂರಿನ ಸರ್ಕಾರಿ ರೇಷ್ಮೆ ನೇಯ್ಗೆ ಕಾರ್ಖಾನೆಯ ಕ್ರೇಪ್ ಸೀರೆಗಳ ಸೊಗಸಿನ ಗುಟ್ಟು ಇದೇ. ಕೂದಲಿಗೆ ಸೆರಿಸಿನ್ ಇಲ್ಲ, ಅಂಟನ್ನು ಹೊರಗಿನಿಂದ ಹಚ್ಚಬೇಕು. ಪೇಟೆಯ ಜೆಲ್ ಬೇಕಿಲ್ಲ. ಒಂದು ಪಾಲು ಅಗಸೆ ಬೀಜಕ್ಕೆ ಎಂಟು ಪಾಲು ನೀರು ಹಾಕಿ, ಮೊಟ್ಟೆಯ ಬಿಳಿಯಂತೆ ಲೋಳೆಯಾಗುವವರೆಗೆ ಕುದಿಸಿ, ಬಿಸಿಯಿರುವಾಗಲೇ ಸೋಸಬೇಕು (ಆರಿದರೆ ಸೋಸುವುದು ಕಷ್ಟ). ಚೆನ್ನಾಗಿ ಆರಿಸಿ, ಸುತ್ತುವ ಮೊದಲು ತೆಳ್ಳಗೆ ಸವರಿದರೆ ಸಾಕು. ಇದು ಕೆಡುವ ವಸ್ತು, ಆಯಾ ದಿನವೇ ಮಾಡಿಕೊಳ್ಳುವುದು ಮೇಲು. ಶ್ರಾವಣದ ಮೋಡದ ದಿನಗಳಲ್ಲಿ ಇಷ್ಟು ಮಾಡಿಯೂ ಸುರುಳಿ ಬೇಗ ಇಳಿದೀತು. ಡಿಸೆಂಬರ್, ಜನವರಿಯ ಒಣ ಮಧ್ಯಾಹ್ನಗಳಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ.

ಬಿಸಿ ಕಡ್ಡಿಯ ಸಾಧನಗಳು ಈಗ ಹಳ್ಳಿಗಳಿಗೂ ಬಂದಿವೆ. ಇವು 200 ಡಿಗ್ರಿ ಸೆಲ್ಷಿಯಸ್‌ವರೆಗೂ ಕಾಯುತ್ತವೆ. ಅನ್ನ ಬೇಯುವ ನೀರಿಗಿಂತ ಎರಡರಷ್ಟು! ಒದ್ದೆ ಕೂದಲಿಗೆ ಇದನ್ನು ತಾಗಿಸಿದರೆ ಒಳಗಿನ ನೀರು ಹಬೆಯಾಗಿ ಗುಳ್ಳೆಗಳೇಳುತ್ತವೆ. ಗುಳ್ಳೆಯೆದ್ದ ಕಡೆ ಕೂದಲು ಮುರಿಯುತ್ತದೆ. ಬಳಸಲೇಬೇಕಾದರೆ ಪೂರ್ತಿ ಒಣಗಿದ ಕೂದಲಿಗೆ, ಕಡಿಮೆ ಬಿಸಿಯಲ್ಲಿ, ದೊಡ್ಡವರು ಜೊತೆಗಿದ್ದು ಬಳಸಬೇಕು. ಸುರುಳಿ ತಣ್ಣಗಾಗುವವರೆಗೆ ಅದನ್ನು ಎಳೆಯಬಾರದು.

ಇನ್ನು ಪಾರ್ಲರಿನ ಆರು ತಿಂಗಳ ಸುರುಳಿ. ಅಲ್ಲಿ ಕೈಹಾಕುವುದು ಹೈಡ್ರೋಜನ್ ಗಂಟಿಗಲ್ಲ, ಗಂಧಕದ ಹೊಲಿಗೆಗೆ. ಇದಕ್ಕೆ ದಾರಿ ತೆರೆದವನು ಜರ್ಮನಿಯಲ್ಲಿ ಹುಟ್ಟಿದ ಕಾರ್ಲ್ ನೆಸ್ಲರ್. 1906ರಲ್ಲಿ ಲಂಡನ್ನಿನಲ್ಲಿ ಅವನು ಕ್ಷಾರದ ಲೇಪ ಹಚ್ಚಿ, ಕಾದ ಹಿತ್ತಾಳೆ ಕೊಳವೆಗಳಿಗೆ ಕೂದಲು ಸುತ್ತಿ ಗಂಟೆಗಟ್ಟಲೆ ಕೂರಿಸುತ್ತಿದ್ದ. ಮೊದಲ ಪ್ರಯೋಗಗಳನ್ನು ಮಾಡಿದ್ದು ಹೆಂಡತಿಯ ತಲೆಯ ಮೇಲೆ, ಪಾಪ ಆಕೆಯ ಕೂದಲು ಸುಟ್ಟುಹೋಗಿತ್ತಂತೆ! ಮುಂದೆ ಬಿಸಿಯ ಬದಲು ಥಯೋಗ್ಲೈಕಾಲೇಟ್ ಎಂಬ ದ್ರಾವಣ ಬಂತು. ಅದು ಹೊಲಿಗೆಯ ಒಂದು ಪಾಲನ್ನು ಬಿಚ್ಚುತ್ತದೆ, ಆಮೇಲೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಸುರುಳಿಯ ಆಕಾರದಲ್ಲೇ ಮತ್ತೆ ಹೊಲಿಯುತ್ತಾರೆ. ಬಿಚ್ಚಿದ್ದೆಲ್ಲ ಮತ್ತೆ ಕೂಡುವುದಿಲ್ಲವಾದ್ದರಿಂದ ಕೂದಲು ಸ್ವಲ್ಪವಾದರೂ ಬಡವಾಗುತ್ತದೆ. ಹೊತ್ತು ಮೀರಿದರೆ ತುಂಡಾಗುತ್ತದೆ, ನೆತ್ತಿಯ ಚರ್ಮ ಉರಿಯುತ್ತದೆ. ರೇಷ್ಮೆಯ ಎಳೆಗೆ ಈ ಚಿಕಿತ್ಸೆ ನಡೆಯುವುದೇ ಇಲ್ಲ, ಏಕೆಂದರೆ ಫೈಬ್ರಾಯಿನ್‌ನಲ್ಲಿ ಗಂಧಕದ ಹೊಲಿಗೆ ಇಲ್ಲವೆನ್ನುವಷ್ಟು ಕಡಿಮೆ.

ಗುಂಗುರು ಕೂದಲಿನ ಹುಡುಗಿಯರು ನೇರ ಮಾಡಿಸಿಕೊಳ್ಳಲು ಹೋಗುವುದು ಇದಕ್ಕಿಂತ ಚಿಂತೆಯ ವಿಷಯ. ಅದಕ್ಕೆ ಬಳಸುವ ಕೆಲವು ಲೇಪಗಳು ಬಿಸಿ ತಾಗಿದಾಗ ಫಾರ್ಮಾಲ್ಡಿಹೈಡ್ ಬಿಡುತ್ತವೆ. ಪ್ರಯೋಗಾಲಯದಲ್ಲಿ ಕಪ್ಪೆ, ಹಾವುಗಳನ್ನು ಕೆಡದಂತೆ ಇಡುವ ಫಾರ್ಮಲಿನ್ನಿನಲ್ಲಿರುವುದು ಇದೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿ ಇದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ಬದಲಿಗೆ ಬಂದ ಗ್ಲೈಆಕ್ಸಿಲಿಕ್ ಆಮ್ಲದ ಲೇಪವೂ ನಿರಪಾಯವಲ್ಲ. ಅದನ್ನು ಹಚ್ಚಿಸಿಕೊಂಡ ಮೂರೂ ಬಾರಿ ಮೂತ್ರಪಿಂಡಕ್ಕೆ ಪೆಟ್ಟಾದ ಯುವತಿಯೊಬ್ಬಳ ವಿಷಯ 2024ರಲ್ಲಿ ವೈದ್ಯ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಓದುವ ಮಕ್ಕಳಿಗೆ ಇಂಥದನ್ನು ಮಾಡಿಸುವ ಮುನ್ನ ಲೇಪದ ಡಬ್ಬಿಯ ಮೇಲೆ ಬರೆದಿರುವುದನ್ನು ತಂದೆತಾಯಿ ಕೇಳಿ ಓದಬೇಕು. ಡಬ್ಬಿ ತೋರಿಸಲು ಒಪ್ಪದ ಅಂಗಡಿಯಿಂದ ಎದ್ದು ಬರುವುದೇ ಸರಿ.

ಆರು ತಿಂಗಳ ಲೆಕ್ಕವನ್ನೂ ನೋಡೋಣ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಬೇರಿನಿಂದ ಹೊಸದಾಗಿ ಬರುವ ಕೂದಲಿಗೆ ಪಾರ್ಲರಿನ ಸುದ್ದಿಯೇ ಗೊತ್ತಿಲ್ಲ, ಅದು ಹಳೆಯ ಹಾಗೆ ನೇರವಾಗಿಯೇ ಬರುತ್ತದೆ. ಆರು ತಿಂಗಳಿಗೆ ನೆತ್ತಿಯ ಕಡೆ ಆರು ಸೆಂಟಿಮೀಟರ್ ನೇರ, ಅದರ ಕೆಳಗೆ ಸುರುಳಿ. ಆಗ ಒಂದೋ ಸುರುಳಿಯನ್ನು ಕತ್ತರಿಸಬೇಕು, ಇಲ್ಲವೇ ಮುಂದಿನ ಗೂಡಿನ ದುಡ್ಡಿನಲ್ಲೂ ಒಂದು ಪಾಲು ಎತ್ತಿಡಬೇಕು.