ಹದಿನಾಲ್ಕಕ್ಕೆ ಕುಳ್ಳ, ಮೂವತ್ತಾರಕ್ಕೆ ಮುದುಕ

ಫುಟ್ಬಾಲ್ ಆಡುವ ಹನ್ನೊಂದು ಜನರಲ್ಲಿ ಒಬ್ಬನ ಪಾಡು ಮಾತ್ರ ಬೇರೆಯೇ. ಮುಂಚೂಣಿಯ ಆಟಗಾರ ಒಂಬತ್ತು ಅವಕಾಶಗಳನ್ನು ಹಾಳುಮಾಡಿ ಹತ್ತನೆಯದರಲ್ಲಿ ಗೋಲು ಹೊಡೆದರೆ ಅವನನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಾರೆ. ಗೋಲ್‌ಕೀಪರ್ ಒಂಬತ್ತನ್ನು ತಡೆದು ಹತ್ತನೆಯದನ್ನು ಬಿಟ್ಟರೆ ಆ ಒಂದನ್ನೇ ವರ್ಷಗಟ್ಟಲೆ ಎತ್ತಿ ಆಡುತ್ತಾರೆ. ಅಂಥ ಜಾಗದಲ್ಲಿ 1968ರಿಂದ 1983ರವರೆಗೆ ತಮ್ಮ ದೇಶಕ್ಕಾಗಿ ನಿಂತವರು ಇಟಲಿಯ ಡಿನೋ ಝೋಫ್. ಮನುಷ್ಯರನ್ನು ಅಳೆಯುವಾಗ ನಾವು ತೋರುವ ಆತುರದ ವಿಷಯ ಬಂದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಅವರ ಹೆಸರು. ಆಟದ ಗಂಧವಿಲ್ಲದವರೂ ದಯವಿಟ್ಟು ಓದಿ. ಇದು ಆಟದ ಮಾತಷ್ಟೇ ಅಲ್ಲ.

ಝೋಫ್ ಹುಟ್ಟಿದ್ದು 1942ರಲ್ಲಿ, ಈಶಾನ್ಯ ಇಟಲಿಯ ಫ್ರಿಯುಲಿ ಸೀಮೆಯ ಒಂದು ಹಳ್ಳಿಯಲ್ಲಿ, ರೈತರ ಮನೆಯಲ್ಲಿ. ಹದಿನಾಲ್ಕರ ಹರೆಯದಲ್ಲಿ ಇಂಟರ್ ಮತ್ತು ಯುವೆಂಟಸ್ ಎಂಬ ಎರಡು ದೊಡ್ಡ ಕ್ಲಬ್ಬುಗಳು ಈ ಹುಡುಗನನ್ನು ಪರೀಕ್ಷಿಸಿ ಹಿಂದಕ್ಕೆ ಕಳುಹಿಸಿದವು. ಕಾರಣ ಒಂದೇ, ಎತ್ತರ ಸಾಲದು. ಹುಡುಗ ಮೋಟಾರು ಮೆಕ್ಯಾನಿಕ್ ಕೆಲಸ ಕಲಿಯುತ್ತ ಊರಿನ ತಂಡದಲ್ಲೇ ಆಡುತ್ತಿದ್ದ. ಅಜ್ಜಿ ದಿನಕ್ಕೆ ಎಂಟು ಮೊಟ್ಟೆ ತಿನ್ನಿಸಿ ಬೆಳೆಸಿದಳೆಂಬ ಕಥೆ ಇಟಲಿಯಲ್ಲಿ ಮನೆಮಾತು. ಮೊಟ್ಟೆಯ ಮಹಿಮೆಯೋ ವಯಸ್ಸಿನ ಮಹಿಮೆಯೋ, ಕೆಲವೇ ವರ್ಷಗಳಲ್ಲಿ ಅವನು ಆರಡಿಯ ಹತ್ತಿರ ಬೆಳೆದ. ಕುಳ್ಳನೆಂದು ಕಳುಹಿಸಿದ ಅದೇ ಯುವೆಂಟಸ್ 1972ರಲ್ಲಿ ಅವರನ್ನು ಹಣ ಕೊಟ್ಟು ಕರೆಸಿಕೊಂಡಿತು. ಅಲ್ಲಿ ಹನ್ನೊಂದು ಋತುಗಳ ಕಾಲ ಆಡಿ ಆರು ಬಾರಿ ರಾಷ್ಟ್ರೀಯ ಲೀಗ್ ಗೆದ್ದುಕೊಟ್ಟರು.

ನಡುವಿನ ದಾರಿಯೇನೂ ಸುಗಮವಾಗಿರಲಿಲ್ಲ. 1961ರಲ್ಲಿ ಉದಿನೇಸೆ ತಂಡದ ಪರವಾಗಿ ದೊಡ್ಡ ಲೀಗಿನ ಮೊದಲ ಪಂದ್ಯ ಆಡಿದಾಗ ಫ್ಲಾರೆನ್ಸಿನ ತಂಡ ಐದು ಗೋಲು ಹೊಡೆಯಿತು. ರಾಷ್ಟ್ರೀಯ ತಂಡದ ಕರೆ ಬಂದದ್ದು 1968ರಲ್ಲಿ, ಇಪ್ಪತ್ತಾರನೆಯ ವಯಸ್ಸಿಗೆ. ಆ ವರ್ಷವೇ ಇಟಲಿ ಯುರೋಪಿನ ಚಾಂಪಿಯನ್ ಆಯಿತು. ಆದರೂ 1970ರ ಮೆಕ್ಸಿಕೊ ವಿಶ್ವಕಪ್ಪಿನಲ್ಲಿ ಆಲ್ಬೆರ್ತೋಸಿ ಆಡಿದರು, ಝೋಫ್ ಹೊರಗೆ ಬೆಂಚಿನ ಮೇಲೆ ಕುಳಿತರು. ಅನಂತರ 1972ರಿಂದ 1974ರವರೆಗೆ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ 1142 ನಿಮಿಷ ಒಂದೂ ಗೋಲು ಬಿಡದೆ ನಿಂತರು. ಆ ಗೋಡೆಯನ್ನು ಕೊನೆಗೆ ಒಡೆದದ್ದು ಬ್ರೆಜಿಲ್ ಅಲ್ಲ, ಜರ್ಮನಿಯಲ್ಲ. ಹೈಟಿ ಎಂಬ ಪುಟ್ಟ ದೇಶದ ಇಮ್ಯಾನುಯೆಲ್ ಸಾನೋನ್.

ನನ್ನ ಮಾತಿಗೆ ಮುಖ್ಯವಾದದ್ದು 1978. ಅರ್ಜೆಂಟೀನಾದಲ್ಲಿ ನಡೆದ ವಿಶ್ವಕಪ್ಪಿನಲ್ಲಿ ಇಟಲಿ ಹಾಲೆಂಡಿನ ಎದುರು ಮುನ್ನಡೆಯಲ್ಲಿದ್ದೂ ಸೋತಿತು. ಮೂರನೆಯ ಸ್ಥಾನದ ಪಂದ್ಯದಲ್ಲಿ ಬ್ರೆಜಿಲ್ ಎದುರೂ ಹಾಗೆಯೇ ಆಯಿತು. ಎರಡರಲ್ಲೂ ಝೋಫ್ ಅವರನ್ನು ದಾಟಿ ಹೋದದ್ದು ದೂರದಿಂದ ಬಂದ ಹೊಡೆತಗಳು. ಅವರಿಗಾಗ ಮೂವತ್ತಾರು. ಕಣ್ಣು ಮಂದವಾಯಿತು, ಕಾಲ ಮುಗಿಯಿತು ಎಂದು ಟೀಕಾಕಾರರು ಬರೆದರು. ಹದಿನಾಲ್ಕಕ್ಕೆ ಕುಳ್ಳನಾಗಿದ್ದವನು ಮೂವತ್ತಾರಕ್ಕೆ ಮುದುಕನಾಗಿದ್ದ!

ಆದರೆ ಮೊದಲ ಬಾರಿ ಇಲ್ಲದ ಒಬ್ಬ ವ್ಯಕ್ತಿ ಈ ಬಾರಿ ಇದ್ದರು: ತರಬೇತುದಾರ ಎಂಜೊ ಬೆರ್ಜೊತ್. ಅವರು ಎರಡು ಪಂದ್ಯಗಳ ಹೊಡೆತಗಳನ್ನು ಹತ್ತು ವರ್ಷಗಳ ದುಡಿಮೆಯೊಡನೆ ತೂಗಿ ನೋಡಿದರು. ಝೋಫ್ ತಂಡದಲ್ಲೇ ಉಳಿದರು. 1982ರಲ್ಲಿ ಸ್ಪೇನಿಗೆ ಹೋದಾಗ ನಲವತ್ತರ ಝೋಫ್ ತಂಡದ ನಾಯಕ. ಮೊದಲ ಮೂರು ಪಂದ್ಯಗಳೂ ಡ್ರಾ. ಪತ್ರಿಕೆಗಳ ಬೈಗುಳ ತಾಳಲಾರದೆ ಆಟಗಾರರು ಪತ್ರಕರ್ತರೊಡನೆ ಮಾತೇ ನಿಲ್ಲಿಸಿದರು. ಎಲ್ಲರ ಪರವಾಗಿ ನಾಯಕನೊಬ್ಬನೇ ಮಾತನಾಡಬೇಕೆಂದು ನಿಶ್ಚಯವಾಯಿತು. ತಮಾಷೆಯೆಂದರೆ ಇಡೀ ತಂಡದಲ್ಲಿ ಅತ್ಯಂತ ಮಿತಭಾಷಿ ಆ ನಾಯಕನೇ!

ಜುಲೈ 5ರಂದು ಬಾರ್ಸಿಲೋನಾದಲ್ಲಿ ಬ್ರೆಜಿಲ್ ಎದುರು ಪಂದ್ಯ. ಡ್ರಾ ಆದರೂ ಸಾಕು, ಬ್ರೆಜಿಲ್ ಮುಂದಕ್ಕೆ ಹೋಗುತ್ತಿತ್ತು. ಇಟಲಿ 3–2ರಿಂದ ಮುಂದಿತ್ತು. ಮುಗಿಯಲು ಕೆಲವೇ ನಿಮಿಷಗಳಿದ್ದಾಗ ಬ್ರೆಜಿಲಿನ ಆಸ್ಕರ್ ತಲೆಯಿಂದ ಹೊಡೆದ ಚೆಂಡನ್ನು ಝೋಫ್ ನೆಗೆದು ಗೋಲಿನ ಗೆರೆಯ ಮೇಲೆಯೇ ಅದುಮಿ ಹಿಡಿದರು. ಎದುರಾಳಿಗಳು ಗೋಲು ಎಂದು ಕೂಗಿದರು, ಅದು ಗೋಲಾಗಿರಲಿಲ್ಲ. ಆರು ದಿನಗಳ ನಂತರ ಮ್ಯಾಡ್ರಿಡ್‌ನಲ್ಲಿ ಪಶ್ಚಿಮ ಜರ್ಮನಿಯನ್ನು 3–1ರಿಂದ ಸೋಲಿಸಿ ಇಟಲಿ ವಿಶ್ವಕಪ್ ಗೆದ್ದಿತು. ಆ ಕಪ್ಪನ್ನು ಗೆದ್ದವರಲ್ಲೆಲ್ಲ ಹಿರಿಯರು ಝೋಫ್. 2022ರ ವಿಶ್ವಕಪ್ಪಿನವರೆಗೂ ಆ ದಾಖಲೆಯನ್ನು ಯಾರೂ ಮುರಿದಿರಲಿಲ್ಲ. ಮರಳುವ ವಿಮಾನದಲ್ಲಿ ಎಂಬತ್ತೈದರ ರಾಷ್ಟ್ರಾಧ್ಯಕ್ಷ ಪೆರ್ತೀನಿ ಇವರ ಜೊತೆಗಾರರಾಗಿ ಇಸ್ಪೀಟು ಆಡಿದ ಚಿತ್ರ ಪ್ರಸಿದ್ಧ. ವಿಜಯದ ನೆನಪಿಗೆ ಕಲಾವಿದ ರೆನಾತೊ ಗುತ್ತೂಸೊ ರಚಿಸಿದ ಅಂಚೆಚೀಟಿಯಲ್ಲಿ ಕಪ್ ಎತ್ತಿ ಹಿಡಿದ ಝೋಫ್ ಅವರ ಕೈಗಳಿವೆ, ಮುಖವಿಲ್ಲ. ಆ ಮನುಷ್ಯನಿಗೆ ಅದೇ ಒಪ್ಪುತ್ತದೆ.

ಅದೇ ತಂಡದಲ್ಲಿ ಪಾವ್ಲೊ ರೋಸಿ ಕೂಡ ಇದ್ದರು. ನಿಷೇಧ ಮುಗಿಸಿ ಆಗಷ್ಟೇ ಮರಳಿದ್ದ ರೋಸಿ ಮೊದಲ ನಾಲ್ಕು ಪಂದ್ಯಗಳಲ್ಲಿ ಒಂದೂ ಗೋಲು ಹೊಡೆಯಲಿಲ್ಲ. ಕೊನೆಯ ಮೂರರಲ್ಲಿ ಆರು ಹೊಡೆದರು. ಅವರನ್ನೂ ಬೆರ್ಜೊತ್ ಕೈಬಿಟ್ಟಿರಲಿಲ್ಲ.

ಇಲ್ಲೊಂದು ಆಕ್ಷೇಪ ಏಳುವುದು ಸಹಜ. ಎಡವಿದವರನ್ನೆಲ್ಲ ಇಟ್ಟುಕೊಂಡೇ ಹೋದರೆ ಹೊಸಬರಿಗೆ ಜಾಗವೆಲ್ಲಿ? ಯೋಗ್ಯ ಪ್ರಶ್ನೆ. ಅದಕ್ಕೆ ಉತ್ತರವೂ ಝೋಫ್ ಅವರಲ್ಲೇ ಇದೆ. 1983ರ ಮೇ ತಿಂಗಳಲ್ಲಿ ಅಥೆನ್ಸಿನಲ್ಲಿ ಯುರೋಪಿಯನ್ ಕಪ್ ಫೈನಲ್ ಸೋತರು. ನಾಲ್ಕೇ ದಿನಗಳಲ್ಲಿ ಸ್ವೀಡನ್ನಿನ ಎದುರು ದೇಶಕ್ಕಾಗಿ 112ನೆಯ ಪಂದ್ಯ ಆಡಿದರು. ಅದೂ ಸೋಲೇ. ನಲವತ್ತೊಂದರಲ್ಲಿ ತಾವಾಗಿ ಕೈಗವಸು ಕಳಚಿದರು. ನಂಬಿಕೆ ಪಡೆದವನಿಗೆ ಹೊರಡುವ ಹೊತ್ತನ್ನು ಅರಿಯುವ ಹೊಣೆಯೂ ಇದೆ. ನಮ್ಮಂಥ ಹಿರಿಯರು ಇದನ್ನು ಮರೆಯಬಾರದು.

ತರಗತಿಯಲ್ಲಿ ನಿಂತು ಮೂರು ದಶಕ ಕಳೆದವನಾಗಿ ಹೇಳುತ್ತೇನೆ, ನಮ್ಮಲ್ಲಿ ಕುಳ್ಳನೆಂದು ಹಿಂದಕ್ಕೆ ಕಳುಹಿಸುವ ಕೆಲಸ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ನಡೆಯುತ್ತದೆ. ಅಂಕಪಟ್ಟಿ ಸುಳ್ಳು ಹೇಳುವುದಿಲ್ಲ; ಆ ಹುಡುಗನ ಎತ್ತರವನ್ನೂ ಕ್ಲಬ್ಬಿನವರು ಸರಿಯಾಗಿಯೇ ಅಳೆದಿದ್ದರು. ಬೆಳೆಯುವ ಮಗು ಇನ್ನು ಬೆಳೆಯುವುದೇ ಇಲ್ಲವೆಂದು ತೀರ್ಮಾನಿಸುವುದು ಮಾತ್ರ ಅನ್ಯಾಯ. ನನ್ನ ವಿದ್ಯಾರ್ಥಿಗಳಲ್ಲಿ ಹಲವರು ಈಗ ಶಿಕ್ಷಕರು, ಅಧಿಕಾರಿಗಳು, ಬಹುತೇಕರು ತಂದೆತಾಯಿಯರು. ಒಂದು ಪರೀಕ್ಷೆ ಕೆಟ್ಟ ಮಗುವಿನ ಬಗೆಗೆ, ಒಂದು ಕೆಲಸ ಕೆಟ್ಟ ಹಳೆಯ ಸಹೋದ್ಯೋಗಿಯ ಬಗೆಗೆ ಮಾತನಾಡುವ ಮುನ್ನ ಅವರ ಹಿಂದಿನ ಹತ್ತು ವರ್ಷಗಳನ್ನೊಮ್ಮೆ ನೋಡಿ ಎಂಬುದಷ್ಟೇ ನನ್ನ ಕೋರಿಕೆ.

ನಿಮ್ಮ ಅಭಿಪ್ರಾಯ ಬೇರೆಯಾಗಿದ್ದರೆ ಖಂಡಿತ ಬರೆಯಿರಿ. ಮೇಷ್ಟ್ರೊಡನೆ ವಾದಿಸುವ ಹಕ್ಕನ್ನು ನಿಮಗೆ ತರಗತಿಯಲ್ಲೇ ಕೊಟ್ಟಿದ್ದೆನಲ್ಲ!